ಹಾಸನದ ನಾಯಿ ಪ್ರದರ್ಶನವೂ ಹಳೇಕೋಟೆಯ ಕೆಂಚನೂ

ದನದ ಡಾಕ್ಟರ ಕೆಲಸಕ್ಕೆ ಸೇರಿದ ಮೇಲೆ ದನಗಳಿಂದ ನನಗೆ ಅಂಥ ತೊಂದರೆಯೇನೂ ಆಗಲಿಲ್ಲ. ಒದೆಯುವ ಹಸು ಒದೆಯಿತು, ಹಾಯುವ ಹೋರಿ ಹಾಯಿತು, ಅಲ್ಲಿಗೆ ಮುಗಿಯಿತು. ತಲೆ ಕೆಡಿಸಿದವರೆಲ್ಲ ಅವುಗಳ ಯಜಮಾನರೇ. ಹೊಳೆನರಸೀಪುರದಲ್ಲಿ ನಾನಿದ್ದಷ್ಟು ಕಾಲವೂ ವಾರಕ್ಕೊಂದಾದರೂ ಇಂಥ ಪ್ರಸಂಗ ನಡೆಯುತ್ತಲೇ ಇತ್ತು, ನನಗೂ ರೂಢಿಯಾಗಿಹೋಗಿತ್ತು. ಆದರೆ ಯುದ್ಧದ ಕಾಲದಲ್ಲಿ ಹಾಸನದಲ್ಲಿ ಒಂದು ನಾಯಿ ಪ್ರದರ್ಶನ ಆಯಿತು ನೋಡಿ, ಅದರ ತಲೆಬುಡ ಮಾತ್ರ ನನಗೆ ಬಹಳ ದಿನ ತಿಳಿಯಲಿಲ್ಲ. ತಮ್ಮ ಮನೆ ನಾಯಿಯನ್ನು ತಾವೇ ಹಿಡಿದುಕೊಂಡು ಹೋಗಿ ಊರವರಿಗೆಲ್ಲ ತೋರಿಸುವುದರಲ್ಲಿ ಏನಪ್ಪಾ ಸುಖ?

ಸಾಹೇಬರ ಅಪ್ಪಣೆ

ಹಾಸನದಲ್ಲಿದ್ದ ನಮ್ಮ ಮೇಲಿನ ಸಾಹೇಬರು ಒಂದು ದಿನ ನನ್ನನ್ನು ಕರೆಸಿದರು. ಯುದ್ಧದ ನಿಧಿಗಾಗಿ ಕಾಫಿ ತೋಟದ ಬಿಳಿ ದೊರೆಗಳು ನಾಯಿ ಪ್ರದರ್ಶನ ಇಟ್ಟುಕೊಂಡಿದ್ದಾರೆ, ನಮ್ಮ ಕಡೆಯ ಜನವೂ ನಾಯಿ ತರಬೇಕು, ಊರ ನಾಯಿಗಳಿಗೆಂದೇ ಒಂದು ಬೆಳ್ಳಿ ಕಪ್ ಇಟ್ಟಿದ್ದಾರೆ ಎಂದರು.

"ಯಾವ ಕಾಯಿಲೆ ನಾಯಿ ತರಲಿ ಸಾರ್?" ಎಂದೆ.

"ಕಾಯಿಲೆಯದಲ್ಲ ಕಣ್ರೀ! ಗಟ್ಟಿಮುಟ್ಟಾಗಿರೋದು!"

"ಗಟ್ಟಿಮುಟ್ಟಾಗಿರೋದು ನನ್ನ ಹತ್ತಿರ ಯಾಕೆ ಬರುತ್ತೆ ಸಾರ್?"

ಸಾಹೇಬರು ಕಣ್ಣು ಬಿಟ್ಟರು. ನಾನು ದನಿ ಇಳಿಸಿ, "ತಂದು ಏನು ಮಾಡಬೇಕು?" ಎಂದು ಕೇಳಿದೆ.

"ದುಂಡಗೆ ನಡೆಸಬೇಕು."

"ನಡೆಸಿ?"

"ನಿಲ್ಲಿಸಬೇಕು. ದೊರೆಗಳು ನೋಡ್ತಾರೆ."

"ನೋಡಿದ ಮೇಲೆ?"

"ಆಮೇಲೇನು, ಮನೆಗೆ ವಾಪಸ್ಸು ಕರ್ಕೊಂಡು ಹೋಗೋದು!"

"ಮೊದಲೂ ಅಲ್ಲೇ ಇತ್ತಲ್ಲ ಸಾರ್?" ಎಂದೆ. ಸಾಹೇಬರು ಬಾಗಿಲ ಕಡೆ ಕೈ ತೋರಿಸಿ, ಹೊರಗೆ ಹೋಗಿ ಎಂದರು.

ಹಳೇಕೋಟೆಯ ಕರಾರು

ದನಗಳಿಗೆ ಚುಚ್ಚುಮದ್ದು ಹಾಕಲು ಹಳೇಕೋಟೆಗೆ ಹೋದಾಗ ಒಬ್ಬ ಗೌಡನ ಹಟ್ಟಿಯಲ್ಲಿ ಒಂದು ನಾಯಿ ಕಂಡಿತು. ಕೆಂಪು ಮೈ, ನಿಮಿರಿದ ಕಿವಿ, ನಿಂತರೆ ನೆಲ ಕಚ್ಚಿ ನಿಲ್ಲುವ ಗತ್ತು. ಹೆಸರು ಕೆಂಚ. ಹಾಸನಕ್ಕೆ ಕರೆತಾ ಎಂದೆ. ಗೌಡನ ಮುಖ ಕಪ್ಪಿಟ್ಟಿತು.

"ಮಾರಾಕಿಲ್ಲ ಸಾ."

"ಮಾರೋದಕ್ಕಲ್ಲಯ್ಯಾ, ತೋರಿಸೋದಕ್ಕೆ."

"ಮಾರ್ದೇ ಇದ್ಮೇಲೆ ತೋರ್ಸೋದ್ಯಾಕೆ ಸಾ?"

ನಾನು ಸಾಹೇಬರನ್ನು ಕೇಳಿದ ಪ್ರಶ್ನೆಯೇ ಈಗ ನನಗೆ ಬಂತು. ಸರ್ಕಾರದ ಅಪ್ಪಣೆ ಎಂದುಬಿಟ್ಟೆ.

ಗೌಡ ಕೆಂಚನನ್ನು ಪಕ್ಕಕ್ಕೆ ಎಳೆದುಕೊಂಡ. ಆಮೇಲೆ, "ನೋಡಿ ಸಾ, ಗದ್ದೇಲಿ ಹಂದಿ ನನ್ ಮ್ಯಾಲೆ ನುಗ್ದಾಗ ಅಡ್ಡ ಬಂದಿದ್ದು ಇದೇಯ. ನನ್ ಪಾಲ್ಗೆ ಇದು ನಾಯಲ್ಲ, ಒಡಹುಟ್ಟಿದೋನು. ಇದ್ನ ಕಳ್ಕಂಡ್ರೆ ನಾನು ಗದ್ದೆ ತಾವ್ಕೂ ಓಗಾಕಿಲ್ಲ, ಉಣ್ಣಾಕೂ ಇಲ್ಲ. ವಾಪಸ್ ಕರ್ಕಬರೋ ಜವಾಬ್ದಾರಿ ನಿಮ್ದು" ಎಂದ. ಮಾತು ಕೊಟ್ಟೆ. ಸಾಲದೆಂದು, ನನ್ನ ಹೆಂಡತಿ ಮಕ್ಕಳ ಮೇಲೆ ಆಣೆ ಇಡಿಸಿಕೊಂಡ. ಒಂದು ನಾಯಿಗಾಗಿ ಸಂಸಾರವನ್ನೇ ಒತ್ತೆ ಇಟ್ಟವನು ಈ ಇಲಾಖೆಯಲ್ಲಿ ನಾನೊಬ್ಬನೇ ಇರಬೇಕು.

ಇದ್ದಲು ಬಸ್ಸು

ಆಗ ಪೆಟ್ರೋಲಿಗೆ ಬರ. ಬಸ್ಸುಗಳೆಲ್ಲ ಇದ್ದಲಿನ ಹೊಗೆಯಲ್ಲಿ ಓಡುತ್ತಿದ್ದವು. ಓಡುತ್ತಿದ್ದವು ಎನ್ನುವುದೂ ಮರ್ಯಾದೆಗೆ ಆಡುವ ಮಾತೇ. ಪ್ರದರ್ಶನದ ದಿನ ನಾನೂ ಗೌಡನೂ ಕೆಂಚನನ್ನು ಕರೆದುಕೊಂಡು ಬಸ್ಸಿಗೆ ಹೋದರೆ, ಕಂಡಕ್ಟರು ನಾಯಿಯನ್ನು ಹತ್ತಿಸುವುದಿಲ್ಲ ಎಂದ. ನಾನು ಸರ್ಕಾರ, ಯುದ್ಧ, ಸಾಹೇಬರು ಎಲ್ಲರ ಹೆಸರೂ ಹೇಳಿದ ಮೇಲೆ ಹಿಂದಿನ ಸೀಟಿನಲ್ಲಿ ಜಾಗ ಕೊಟ್ಟ.

ಮೊಸಳೆ ಎಂಬ ಊರಿನ ಹತ್ತಿರದ ಏರಿನಲ್ಲಿ ಬಸ್ಸು ನಿಂತಿತು. ಎಲ್ಲರೂ ಇಳಿದು ತಳ್ಳತೊಡಗಿದೆವು. ನನ್ನ ಪಕ್ಕದಲ್ಲಿ ತಾಲೂಕು ಕಚೇರಿಯ ಗುಮಾಸ್ತರೊಬ್ಬರು ಜರಿ ಪೇಟ ಸರಿಪಡಿಸಿಕೊಳ್ಳುತ್ತಾ ತಳ್ಳುತ್ತಿದ್ದರು. ತಲೆ ಎತ್ತಿ ನೋಡುತ್ತಾರೆ, ಕಿಟಕಿಯಿಂದ ಕೆಂಚ ಇವರನ್ನೇ ನೋಡುತ್ತಿದೆ.

"ಏನಯ್ಯಾ ಇದು ಅನ್ಯಾಯ! ಮನುಷ್ಯರು ತಳ್ಳೋದು, ನಾಯಿ ಕೂತ್ಕೊಳ್ಳೋದಾ? ಇಳಿಸಯ್ಯಾ ಅದನ್ನ!"

ಗೌಡ ಬೆವರು ಒರೆಸಿಕೊಂಡು ಬಹಳ ವಿನಯದಿಂದ ಹೇಳಿದ: "ತಪ್ಪು ತಿಳೀಬ್ಯಾಡಿ ಬುದ್ಧಿ. ಅದು ಇವತ್ತು ದೊರೆಗೋಳ ಮುಂದ್ಕೆ ಓಗ್ಬೇಕು, ಮೈ ಧೂಳಾಗ್ಬಾರ್ದು. ನೀವು ಕಚೇರಿಗ್ ತಾನೇ? ತಳ್ಳಿ."

ಹಣೆಯ ಮೂರು ಪಟ್ಟೆ

ಹಾಸನದ ಮೈದಾನಕ್ಕೆ ಅರಕಲಗೂಡಿನ ಕೊಬ್ಬರಿ ಸಾಹುಕಾರರು ಬಂದಿದ್ದರು. ಅವರದು ದೊಡ್ಡ ಕರಿ ನಾಯಿ. ಹಾಲನ್ನ ಬಿಟ್ಟು ಬೇರೇನೂ ತಿನ್ನದು. ತೀರ್ಪುಗಾರರು ಕೆಂಪು ಮೋರೆಯ ತೋಟದ ದೊರೆ. ಅವರು ಸಾಲಾಗಿ ನೋಡುತ್ತಾ ಬಂದವರು ಈ ನಾಯಿಯ ಮುಂದೆ ನಿಂತೇ ಬಿಟ್ಟರು. ಕರಿ ಹಣೆಯ ಮೇಲೆ ಅಡ್ಡಡ್ಡ ಮೂರು ಬಿಳಿ ಪಟ್ಟೆ! ಇಂಥ ತಳಿಯನ್ನು ತಾವು ಎಲ್ಲೂ ಕಂಡಿಲ್ಲವೆಂದು ಮಡದಿಯನ್ನೂ ಕರೆದು ತೋರಿಸಿದರು. ಸಾಹುಕಾರರು ಹಿಗ್ಗಿಹೋದರು.

ದೊರೆಗಳು ಪ್ರೀತಿಯಿಂದ ಹಣೆ ಸವರಿದರು. ಪಟ್ಟೆ ಬೆರಳಿಗೆ ಬಂತು. ಮುಖ ಸಿಂಡರಿಸಿ, ಬಣ್ಣ ಬಳಿದ ನಾಯಿಗಳಿಗೆ ಇಲ್ಲಿ ಜಾಗವಿಲ್ಲ ಎಂದರು.

"ಬಣ್ಣವೇ? ವಿಭೂತಿ ಸ್ವಾಮಿ!" ಎಂದು ಸಾಹುಕಾರರು ಗುಡುಗಿದರು. "ಬೆಳಿಗ್ಗೆ ಪೂಜೆ ಮುಗಿಸಿ ಮನೆಮಂದಿಯೆಲ್ಲ ಹಚ್ಚಿಕೊಂಡೆವು. ಇದೂ ಮುಂದೆ ಬಂದು ಕೂತಿತು. ನಿನಗಿಲ್ಲ ಅನ್ನೋದಕ್ಕಾಗುತ್ತಾ?"

ನಮ್ಮ ಸಾಹೇಬರು ಇಂಗ್ಲಿಷಿನಲ್ಲಿ ಏನೇನೋ ಹೇಳಿ ದೊರೆಗಳನ್ನು ಒಪ್ಪಿಸಿದರು. ತೊಳೆದು ತಂದರೆ ನೋಡುತ್ತಾರಂತೆ ಎಂದರು.

ಸಾಹುಕಾರರು ಸೊಂಟಕ್ಕೆ ಕೈ ಹಾಕಿ ವಿಭೂತಿ ಗಟ್ಟಿ ತೆಗೆದರು. "ಇದರದು ಅಳಿಸೋದಿಲ್ಲ. ಬೇಕಾದರೆ ದೊರೆಗಳಿಗೂ ಹಚ್ತೀನಿ, ಎಲ್ಲ ಸರಿಹೋಗುತ್ತೆ!"

ವಕೀಲರ ಸಾಕ್ಷಿ

ಚನ್ನರಾಯಪಟ್ಟಣದ ವಕೀಲರು ಗಿಡ್ಡ ಕಾಲಿನ, ನೆಲ ಗುಡಿಸುವ ಕಿವಿಯ ಸೀಮೆ ನಾಯಿ ತಂದಿದ್ದರು. ಅದಕ್ಕೆ ಎರಡನೇ ಬಹುಮಾನ ಬಂತು. ವಕೀಲರು ಕೋಟಿನ ಗುಂಡಿ ಹಾಕಿಕೊಂಡು ಎದ್ದು ನಿಂತು, ಯಾವ ಆಧಾರದ ಮೇಲೆ ಈ ತೀರ್ಪು ಎಂದು ಕೇಳಿದರು. ಬಾಲ ಇಳಿಬಿಟ್ಟಿದೆ ಎಂದರು ದೊರೆಗಳು.

"ಅದು ಈ ಕ್ಷಣದ ಸಂಗತಿ. ಅದರ ಹಿಂದಿನ ನಡತೆಯನ್ನೂ ನೋಡಬೇಕು. ಸಾಕ್ಷಿ ಇದ್ದಾರೆ" ಎಂದು ವಕೀಲರು ನನ್ನ ಕಡೆ ಕೈ ತೋರಿಸಿದರು. ಹೋದ ತಿಂಗಳು ಜ್ವರವೆಂದು ಅದನ್ನು ನನ್ನಲ್ಲಿಗೆ ತಂದಿದ್ದರು. "ಹೇಳಿ ಡಾಕ್ಟರೇ, ಅವತ್ತು ಇದರ ಬಾಲ ಮೇಲಿತ್ತೋ ಇಲ್ಲವೋ?"

"ಮೇಲಿತ್ತು" ಎಂದೆ.

ವಕೀಲರು ಗೆದ್ದವರಂತೆ ಸುತ್ತ ನೋಡಿದರು. ಸುಳ್ಳು ಸಾಕ್ಷಿ ಹೇಳಿದ ಪಾಪ ನನಗೇಕೆ ಎಂದು ಉಳಿದದ್ದನ್ನೂ ಹೇಳಿದೆ: "ನಾನೇ ಎತ್ತಿ ಹಿಡಿದಿದ್ದೆ. ಜ್ವರ ನೋಡೋ ಗಾಜಿನ ಕಡ್ಡಿಯನ್ನ ನಾವು ಅಲ್ಲೇ ಇಡೋದು."

ಕೈ ಕೊಡದ ಗೌಡ

ಕಡೆಗೆ ಊರ ನಾಯಿಗಳ ಸರದಿ. ಕೆಂಚನ ಗತ್ತು ನೋಡಿ ದೊರೆಗಳು ಮನಸೋತರು. ಬೆನ್ನು ತಟ್ಟಿದರು, ಕಾಲು ಹಿಡಿದು ನೋಡಿದರು, ತುಟಿ ಎತ್ತಿ ಹಲ್ಲು ನೋಡಿದರು. ಅಲ್ಲಿಗೆ ಗೌಡ ಕೆಂಚನನ್ನು ತನ್ನ ಕಡೆಗೆ ಎಳೆದುಕೊಂಡ. ನಮ್ಮ ಕಡೆ ದನದ ಜಾತ್ರೆಯಲ್ಲಿ ಹಲ್ಲು ನೋಡುವವನು ಕೊಳ್ಳುವವನು ಮಾತ್ರ. ಹಲ್ಲು ನೋಡಿದ ಮೇಲೆ ಟವೆಲ್ಲಿನ ಕೆಳಗೆ ಕೈ ಹಿಡಿದು ಬೆರಳಿನಲ್ಲೇ ಬೆಲೆ ಹೇಳುತ್ತಾರೆ. ಕೈ ಕೊಟ್ಟು ಒಪ್ಪಿದರೆ ವ್ಯಾಪಾರ ಮುಗಿದಂತೆ, ಆಮೇಲೆ ಹಿಂದೆಗೆಯುವಂತಿಲ್ಲ.

ದೊರೆಗಳು ನಗುತ್ತಾ, ನೀನೇ ಗೆದ್ದೆ ಎನ್ನುವಂತೆ ಕೈ ಚಾಚಿದರು. ಗೌಡ ಎರಡು ಕೈಯನ್ನೂ ಕಂಕುಳಲ್ಲಿ ಸಿಕ್ಕಿಸಿಕೊಂಡ. ದೊರೆಗಳು ಇನ್ನೂ ಮುಂದೆ ಬಂದರು. ಗೌಡ ಇನ್ನೂ ಹಿಂದೆ ಹೋದ. ನಮ್ಮ ಸಾಹೇಬರು ನನ್ನನ್ನು ತಿವಿದರು. ನಾನು ಮೈದಾನದ ಸುತ್ತ ಕಟ್ಟಿದ್ದ ಹಗ್ಗದಾಚೆಯಿಂದ, "ಕೈ ಕೊಡಯ್ಯಾ! ಕೈ ಕೊಡು!" ಎಂದು ಕೂಗಿದೆ.

ಗೌಡ ನನ್ನನ್ನು ನೋಡಿದ ನೋಟ ಈಗಲೂ ಕಣ್ಣಿಗೆ ಕಟ್ಟಿದಂತಿದೆ. "ನೀವೇ ದಳ್ಳಾಳೀನಾ ಸಾ? ಎಡ್ತಿ ಮಕ್ಕಳ ಮ್ಯಾಲೆ ಆಣೆ ಇಕ್ಕಿದ್ರಲ್ಲಾ!" ಎಂದವನೇ ಕೆಂಚನನ್ನು ಹೆಗಲ ಮೇಲೆ ಹೊತ್ತುಕೊಂಡು ಹಗ್ಗ ಹಾರಿ ಓಡಿಬಿಟ್ಟ. ದೊರೆಗಳು ಒಂದು ಕೈಯಲ್ಲಿ ಬೆಳ್ಳಿ ಕಪ್ ಹಿಡಿದು ಇನ್ನೊಂದು ಕೈ ಚಾಚಿಕೊಂಡೇ ನಿಂತಿದ್ದರು. ಪಾಪ, ನಮ್ಮ ಸಾಹೇಬರೇ ಹೋಗಿ ಆ ಕೈ ಕುಲುಕಿದರು.

ಬೆಲೆ

ಕಪ್ ತಲುಪಿಸುವ ಕೆಲಸ ನನ್ನ ಪಾಲಿಗೇ ಬಂತು. ಹಳೇಕೋಟೆಗೆ ಹೋದರೆ ಗೌಡನ ಮನೆ ಬಾಗಿಲು ಹಾಕಿತ್ತು. ಕೂಗಿದಾಗ ಹೆಂಡತಿ ಸಂದಿಯಲ್ಲಿ ಇಣುಕಿ, "ನಾಯಿ ಸತ್ತೋಯ್ತು ಸೋಮಿ" ಎಂದಳು. ಒಳಗಿನಿಂದ ಕೆಂಚ ಬೊಗಳಿತು. "ಅದು ಬ್ಯಾರೇದು" ಎಂದಳು.

ಜಗಲಿಯ ಮೇಲೆ ಕೂತು ಬಾಗಿಲಿಗೇ ಎಲ್ಲವನ್ನೂ ವಿವರಿಸಿದೆ. ಕೊಳ್ಳುವವರು ಯಾರೂ ಇಲ್ಲ, ಈ ಕಪ್ ಮುಂಗಡವಲ್ಲ, ಬರೀ ಮೆಚ್ಚಿ ಕೊಟ್ಟದ್ದು ಎಂದು ಗಂಟಲು ಹರಿದುಕೊಂಡೆ. ಕೊನೆಗೆ ಗೌಡ ಹೊರಗೆ ಬಂದ. ಕಪ್ಪನ್ನು ಮುಟ್ಟಲಿಲ್ಲ.

"ದಿಟವಾಗ್ಲೂ ಕೊಳ್ಳಾಕ್ ಬರ್ನಿಲ್ವಾ?"

"ಇಲ್ಲಯ್ಯಾ."

"ಬೆಲೆ ಏನೂ ಆಡ್ನಿಲ್ವಾ?"

"ಒಂದು ಮಾತೂ ಆಡಲಿಲ್ಲ. ಕೆಂಚ ನಿನ್ನದೇ. ನೆಮ್ಮದಿಯಾಗಿರು."

ಸಂತೋಷಪಡುತ್ತಾನೆ ಎಂದುಕೊಂಡಿದ್ದೆ. ಗೌಡನ ಮುಖ ಇಳಿದುಹೋಯಿತು. ನಾಯಿಯನ್ನು ನೋಡಿದ, ನನ್ನನ್ನು ನೋಡಿದ.

"ಅಷ್ಟು ಜನ ಸೇರಿ, ಹಲ್ ನೋಡಿ, ಕಾಲ್ ನೋಡಿ, ಒಬ್ನಾದ್ರೂ ಎಷ್ಟಕ್ಕೆ ಕೊಟ್ಟೀಯಾ ಅಂತ ಕೇಳ್ನಿಲ್ವಾ? ನನ್ ಕೆಂಚ ಅಷ್ಟು ಕಡೆಯಾಗೋದ್ನಾ ಸಾ?"

"ಅಲ್ಲಯ್ಯಾ, ನೀನೇ ಕೊಡಲ್ಲ ಅಂತೀಯಲ್ಲ!"

"ಕೊಡಾಕಿಲ್ಲ, ಸರಿ. ಅವರು ಕೇಳ್ದೇ ಇದ್ರೆ ನಾನು ಕೊಡಾಕಿಲ್ಲ ಅಂತ ಯಾರಿಗೇಳ್ಲಿ ಸಾ?"

ನಾನು ಎದ್ದು ನಿಂತೆ. ಕೆಂಚನ ತುಟಿ ಎತ್ತಿ ಹಲ್ಲು ನೋಡಿದೆ, ಕಾಲು ನೋಡಿದೆ, ಬೆನ್ನು ತಟ್ಟಿದೆ. ಆಮೇಲೆ ಬೀದಿಗೆಲ್ಲ ಕೇಳುವಂತೆ ಗಟ್ಟಿಯಾಗಿ, "ಗೌಡಾ, ಈ ನಾಯಿ ನನಗೆ ಬೇಕೇ ಬೇಕು. ನೀನು ಕೇಳಿದಷ್ಟು ಕೊಡ್ತೀನಿ!" ಎಂದೆ.

ಗೌಡನ ಎದೆ ಉಬ್ಬಿತು. ಎದುರು ಮನೆಯವರು ಹೊರಗೆ ಬರುವವರೆಗೂ ಕಾದ. ಪಕ್ಕದ ಮನೆಯವರೂ ಬಂದರು. ಆಗ ಮೀಸೆ ತಿರುವಿ, "ಕೊಡಾಕಿಲ್ಲ ಓಗಿ ಸಾ!" ಎಂದ. ಬಾಯಿ ತುಂಬಾ ನಗು. ಆಮೇಲೆ ಕೆಂಚನನ್ನು ಬೀದಿಯುದ್ದಕ್ಕೂ ಒಂದು ಸುತ್ತು ನಡೆಸಿಕೊಂಡು ಬಂದು ನನ್ನ ಮುಂದೆ ನಿಲ್ಲಿಸಿ, "ಇನ್ನೊಂದ್ ಸಲ ಕೇಳಿ" ಎಂದ.