ಮಾವನ ವ್ಯಾಟ್ ಸಾಲಲಿಲ್ಲ

ಗಿಟಾರು ಕಲಿಯಲು ಒಂದು ವರ್ಷ, ಅದಕ್ಕೆ ಆಂಪ್ಲಿಫೈಯರ್ ಆರಿಸಲು ಉಳಿದ ಆಯುಷ್ಯವೆಲ್ಲ! ನಮ್ಮ ಸೋದರಮಾವ ಬದುಕನ್ನು ಹಂಚಿಕೊಂಡದ್ದು ಹೀಗೆ.

ಎಪ್ಪತ್ತರ ದಶಕದ ಕಡೂರಿನಲ್ಲಿ ಅವರದು ಕೊಬ್ಬರಿ ವ್ಯಾಪಾರ. ಕಾಯಿ ಅಲುಗಿಸಿ, ಒಳಗೆ ಗುಡುಗುಡು ಎಂದರೆ ಕೊಬ್ಬರಿ ಒಣಗಿದೆ ಎಂದು ಬೆಲೆ ಕಟ್ಟುವವರಿಗೆ ಗಿಟಾರಿನ ಹುಚ್ಚು ಎಲ್ಲಿಂದ ಹತ್ತಿತೋ! ತಾವು ಪಡಸಾಲೆಯಲ್ಲಿ ನುಡಿಸಬೇಕು, ಅತ್ತೆ ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಾ ಕೇಳಬೇಕು. ಮಾವನಿಗೆ ಬೇಕಿದ್ದದ್ದು ಇಷ್ಟೇ.

ಮೊದಲು ತರೀಕೆರೆಯಿಂದ ಹತ್ತು ವ್ಯಾಟಿನ ವಾಲ್ವ್ ಆಂಪ್ಲಿಫೈಯರ್ ಬಂತು.

"ಏನೇ, ಕೇಳ್ತಾ?"

"ಏನೋ ಗುಯ್ ಅಂತು ಕಣ್ರೀ!"

ಮಾವ ವಾಲ್ಯೂಮ್ ತಿರುಪು ಪೂರ್ತಿ ತಿರುಗಿಸಿದರು. ಸೌಂಡು ಒಡೆದು ಕರಕರ ಎಂದಿತು.

"ಕಿವಿ ಹಿಂಡಿದ್ರೆ ಕತ್ತೆನೂ ಕೂಗುತ್ತೆ ಕಣೋ," ಎಂದರು, ಅವರ ಮನೆಯಲ್ಲೇ ಬೆಳೆಯುತ್ತಿದ್ದ ನನಗೆ. "ಜೋರಾಗೂ ಇರ್ಬೇಕು, ತಿಳಿಯಾಗೂ ಇರ್ಬೇಕು. ಅದಕ್ಕೆ ವ್ಯಾಟ್ ಬೇಕು."

ಅಜ್ಜಂಪುರದ ಮೈಕ್‌ಸೆಟ್ಟಿನವನ ಬಳಿ ಮೂವತ್ತು ವ್ಯಾಟಿನದು ಸಿಕ್ಕಿತು. ಮಾವ ಅಭ್ಯಾಸಬಲದಿಂದ ಅದನ್ನು ಎತ್ತಿ ಜೋರಾಗಿ ಅಲುಗಿಸಿದರು. ಒಳಗೆ ಗುಡುಗುಡು!

"ಮಾಲು ಚೆನ್ನಾಗೈತೆ!"

"ಅಯ್ಯೋ ಸ್ವಾಮಿ, ಗಾಜಿನ ವಾಲ್ವು ಒಡ್ದಾಕ್ಬಿಟ್ರಲ್ಲ!"

ಹೊಸ ವಾಲ್ವು ಹಾಕಿಸಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದರು. ಅತ್ತೆಗೆ ಅದೂ ಸಾಲಲಿಲ್ಲ. ಈಚೆಗೆ ಕರೆದರೂ ಅವರು ಓಗೊಡುತ್ತಿರಲಿಲ್ಲ, ಬಿಡಿ. ನಾವು ಅದನ್ನು ಅತ್ತೆಯ ಗತ್ತು ಎಂದುಕೊಂಡಿದ್ದೆವು. ಮಾವ ಮಾತ್ರ ಪೆಟ್ಟಿಗೆಯನ್ನೇ ಬೈದು ವಾಪಸು ಕೊಟ್ಟರು. ಹೀಗೆ ಪೆಟ್ಟಿಗೆಗಳು ಬಂದವು, ಹೋದವು, ಎಂಬತ್ತರ ದಶಕವೂ ಬಂತು.

ಕೊನೆಗೆ ಬೀರೂರಿನಲ್ಲಿ ಮುಚ್ಚಿಹೋದ ಆರ್ಕೆಸ್ಟ್ರಾದವರ ನೂರು ವ್ಯಾಟಿನ ಪೆಟ್ಟಿಗೆ ಬಂತು. ಆಹಾ, ಏನು ನಾದ! ಅಷ್ಟು ಜೋರಿನಲ್ಲೂ ಒಂದೊಂದು ತಂತಿ ಬೇರೆಬೇರೆಯಾಗಿ ಕೇಳುತ್ತಿತ್ತು. ಎದುರುಮನೆಯ ಎಮ್ಮೆ ಹಗ್ಗ ಕಿತ್ತುಕೊಂಡಿತು, ಬೀದಿಯವರೆಲ್ಲ ನಮ್ಮ ಬಾಗಿಲಲ್ಲಿ ಸೇರಿದರು. ಜನರನ್ನು ಕಂಡು ಅತ್ತೆ ಸೌಟು ಹಿಡಿದೇ ಹೊರಗೆ ಬಂದರು.

"ಎಲ್ರೂ ಕಾಯ್ತಾ ಅವ್ರೆ. ಇನ್ನೂ ಶುರು ಮಾಡ್ಲಿಲ್ವೇನ್ರೀ?"

ಜನ ಗೊಳ್ಳೆಂದು ನಕ್ಕರು. ಮಾವನ ಕೈ ತಂತಿಯ ಮೇಲೆಯೇ ನಿಂತುಬಿಟ್ಟಿತು.

"ಪೆಟ್ಟಿಗೆ ಬದಲಾಯಿಸ್ತಾ ಕೂತೆ ಕಣೋ," ಎಂದರು, ಎಲ್ಲರೂ ಹೋದ ಮೇಲೆ. "ಅವಳ ಕಿವಿ ಹೋಗ್ತೈತೆ ಅಂತ ಒಪ್ಕೊಳ್ಳಕ್ಕೆ ಮನಸ್ಸು ಬರ್ಲಿಲ್ಲ. ಆವಾಗ್ಲೇ ಡಾಕ್ಟ್ರಿಗೆ ತೋರಿಸ್ಬೇಕಿತ್ತು."

ನನಗೆ ಅಳು ಬಂತು. ಅವರು ಪ್ಲಗ್ ಕಿತ್ತು, ಗಿಟಾರು ಹಿಡಿದು ಅಡುಗೆಮನೆಗೆ ಹೋದರು. ಒಲೆಯ ಮುಂದೆ ಅತ್ತೆಯ ಪಕ್ಕ ಕೂತು, ಅವರ ಅಂಗೈಯನ್ನು ಗಿಟಾರಿನ ಟೊಳ್ಳು ಮರದ ಮೇಲಿಟ್ಟು, ಮೆಲ್ಲಗೆ ತಂತಿ ಮೀಟಿದರು. ನಾನಿದ್ದೇನೆಂದು ಅತ್ತೆ ನಾಚಿದರು. ಆದರೂ ಕೈ ತೆಗೆಯಲಿಲ್ಲ.

"ಗೊತ್ತಾಗ್ತಾ ಐತೆ ಕಣ್ರೀ," ಎಂದರು. "ನಿಲ್ಲಿಸ್ಬೇಡಿ."