ಭೋಂರಾಯನ ಸ್ವಂತ ಟ್ಯೂನು

ಮೇಲಿನ ಮನೆಯ ಗಣಿತದ ಮೇಡಂ ಅವತ್ತು ಬೆಳಿಗ್ಗೆ ಮೆಟ್ಟಿಲ ಮೇಲೆ ಅಷ್ಟು ಪ್ರೀತಿಯಿಂದ ಮಾತಾಡಿಸದೇ ಹೋಗಿದ್ದರೆ ಭೋಂರಾಯನಿಗೆ ಮುಂದಿನ ಫಜೀತಿ ಯಾವುದೂ ಆಗುತ್ತಿರಲಿಲ್ಲ.

"ಇವತ್ತು ಸಂಜೆ ನಿಮ್ಮ ಗಾಜಿನ ಫ್ಯಾಕ್ಟರಿಯಲ್ಲಿ ಬ್ಯಾಂಡ್ ಇದೆಯಂತೆ," ಎಂದರು ಮೇಡಂ. "ಮ್ಯಾನೇಜರ್ ರಿಟೈರ್ ಆಗ್ತಿದ್ದಾರಲ್ಲ, ನಮ್ಮನ್ನೂ ಕರೆದಿದ್ದಾರೆ. ನೀವೂ ಬಿಡುವು ಮಾಡ್ಕೊಂಡು ಬನ್ನಿ. ಇಡೀ ದಿನ ಗ್ಲಾಸು ಪ್ಯಾಕ್ ಮಾಡ್ತಾ ಕೂತ್ರೆ ಹೇಗೆ? ಮನುಷ್ಯ ಅಂದ್ಮೇಲೆ ಸಂಗೀತ ಗಿಂಗೀತ ಸ್ವಲ್ಪ ಕೇಳ್ಬೇಕು."

"ನಾನು ಆ ಬ್ಯಾಂಡಲ್ಲೇ ಇದ್ದೀನಿ ಮೇಡಂ."

"ಹೌದಾ? ಯಾವಾಗ ಸೇರಿದ್ರಿ?"

"ಮದುವೆಗೂ ಮುಂಚೆ."

ಮೇಡಂ ಲೆಕ್ಕದಲ್ಲಿ ತಪ್ಪಾದವರಂತೆ ಹುಬ್ಬು ಗಂಟಿಕ್ಕಿದರು. "ಹೋದ ವರ್ಷ ನಾನು ಮುಂದಿನ ಸಾಲಲ್ಲೇ ಕೂತಿದ್ದೆ. ನಿಮ್ಮನ್ನ ನೋಡಿದ ನೆನಪಿಲ್ವಲ್ಲ."

"ದೊಡ್ಡ ಹಿತ್ತಾಳೆ ವಾದ್ಯ ಇತ್ತಲ್ಲ ಮೇಡಂ, ಅದರ ಹಿಂದೆ ಇದ್ದೆ."

"ಓ, ಅದಾ. ಅದನ್ನ ಶೋಗೆ ಇಟ್ಟಿದ್ದಾರೆ ಅಂದ್ಕೊಂಡಿದ್ದೆ."

ಭೋಂರಾಯ ನಕ್ಕ ಹಾಗೆ ಮಾಡಿ ಮನೆಯೊಳಗೆ ಬಂದ. ಮೂಲೆಯಲ್ಲಿ ಟ್ಯೂಬಾ ಕೂತಿತ್ತು. ಫ್ಯಾಕ್ಟರಿಯಲ್ಲಿ ವಾದ್ಯಗಳ ಕೋಣೆಗೆ ಸುಣ್ಣ ಹೊಡೆಯುತ್ತಿದ್ದರಿಂದ ಹಿಂದಿನ ದಿನ ಮೊದಲ ಸಲ ಅದನ್ನು ಮನೆಗೆ ತಂದಿದ್ದ. ಬಟ್ಟೆ ನೆನೆಸುವ ಟಬ್ಬಿನಷ್ಟು ಅಗಲ ಬಾಯಿ, ಆನೆಯ ಕರುಳಿನಂತೆ ಸುತ್ತಿಕೊಂಡ ಕೊಳವೆ. ಮಡಿಲಲ್ಲಿಟ್ಟುಕೊಂಡು ಕೂತರೆ ಮನುಷ್ಯ ಕಾಣುವುದಿಲ್ಲ, ಎರಡು ಮೊಣಕಾಲು ಮಾತ್ರ ಕಾಣುತ್ತವೆ. ಟ್ರಂಪೆಟ್ಟಿನವನು ಮೇಲೆ ಹಕ್ಕಿಯಂತೆ ಹಾಡುತ್ತಿದ್ದರೆ ಕೆಳಗೆ ಇವನದು ಎರಡೇ ಸ್ವರ. ಭೋಂ, ಭೋಂ. ಫ್ಯಾಕ್ಟರಿಯವರು ಹೆತ್ತವರಿಟ್ಟ ಹೆಸರನ್ನು ಮರೆತು ಭೋಂರಾಯ ಎಂದು ಕರೆಯುತ್ತಿದ್ದುದು ಅದಕ್ಕೇ.

ಆದರೆ ಅವನೊಳಗೆ ಒಂದು ಟ್ಯೂನು ಇತ್ತು. ಯಾರದ್ದೂ ಅಲ್ಲದ, ಅವನದೇ ಆದ ಟ್ಯೂನು. ಗ್ಲಾಸುಗಳಿಗೆ ಕಾಗದ ಸುತ್ತುವಾಗ, ಹಲ್ಲುಜ್ಜುವಾಗ, ಬೈಸಿಕೊಳ್ಳುವಾಗ ಕೂಡ ಅದು ಎದೆಯಲ್ಲಿ ಉರುಳಾಡುತ್ತಿತ್ತು. ತಿಂಗಳ ಹಿಂದೆ ಅದನ್ನು ಬ್ಯಾಂಡ್ ಮಾಸ್ಟರಿಗೆ ಹೇಳಿದ್ದ. "ಟ್ಯೂಬಾ ಅಂದ್ರೆ ಪಾಯ ಕಣಯ್ಯ," ಎಂದಿದ್ದರು ಮಾಸ್ಟರ್. "ಪಾಯಕ್ಕೆ ಯಾರಾದ್ರೂ ಪರದೆ ಕಟ್ಟಿ ಅಲಂಕಾರ ಮಾಡ್ತಾರಾ?"

"ಇವತ್ತು ನುಡಿಸೇ ನುಡಿಸ್ತೀನಿ," ಎಂದ ಭೋಂರಾಯ, ಹುರುಳಿಕಾಯಿ ಹೆಚ್ಚುತ್ತಿದ್ದ ಹೆಂಡತಿಗೆ. "ಸಭೆಯಲ್ಲೇ. ಒಬ್ಬನೇ. ಎದ್ದು ನಿಂತು."

"ಅದಕ್ಕೆ ಕೊನೆಯೇ ಸಿಕ್ಕಿಲ್ಲ ಅಂತಿದ್ರಲ್ರೀ."

"ಸಂಜೆಯೊಳಗೆ ಸಿಗತ್ತೆ."

"ಬಸ್ಸು ಹತ್ತೋದು ಸುಲಭ ಕಣ್ರೀ. ಇಳಿಯೋ ಸ್ಟಾಪು ಯಾವುದು ಅಂತ ಗೊತ್ತಿರ್ಬೇಕು."

ಅದು ನಿಜವೇ. ಟ್ಯೂನು ಚೆನ್ನಾಗಿ ಶುರುವಾಗುತ್ತಿತ್ತು, ನಡುವೆ ಒಂದು ಕಡೆ ಕಣ್ಣು ಒದ್ದೆಯಾಗುವ ಹಾಗೆ ಇಳಿಯುತ್ತಿತ್ತು, ಆಮೇಲೆ ದಾರಿ ತಪ್ಪಿದ ನೆಂಟನಂತೆ ಅಲ್ಲಲ್ಲೇ ಸುತ್ತುತ್ತಿತ್ತು. ಭೋಂರಾಯ ಬಾಗಿಲು ಹಾಕಿ, ಉಸಿರು ಎಳೆದು, ಊದಿದ. ಅಡುಗೆಮನೆಯ ತಟ್ಟೆಗಳು ನಡುಗಿದವು. ಎರಡನೇ ಸಲ ಊದಿದ. ಕೊನೆ ಸಿಗಲಿಲ್ಲ. ಮೂರನೇ ಸಲ ಊದುವಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು.

ಹೊರಗೆ ಕೆಳಗಿನ ಅಂಗಡಿಯ ಟೈಲರ್ ನಿಂತಿದ್ದ. ಅವನ ಹಿಂದೆ ಒಂದೇ ತೋಳಿನ ಕೋಟು ಹಾಕಿಕೊಂಡ ಗಿರಾಕಿ. ಗಿರಾಕಿಯ ಹಿಂದೆ ಗಣಿತದ ಮೇಡಂ.

"ಅಣ್ಣಾ, ಇವರ ಹೆಗಲಿನ ಅಳತೆ ತಗೋತಿದ್ದೆ," ಎಂದ ಟೈಲರ್. "ನಿಮ್ಮ ಸದ್ದಿಗೆ ಇವರು ಬೆಚ್ಚಿ ಹೆಗಲು ಎತ್ತಿದ್ರು. ಎತ್ತಿದ ಹೆಗಲಿನ ಅಳತೆಗೇ ಬಟ್ಟೆ ಕತ್ತರಿಸಿಬಿಟ್ಟೆ."

"ಈಗ ನಾನು ಸಾಯೋವರೆಗೂ ಹೀಗೇ ಓಡಾಡ್ಬೇಕಾ?" ಎಂದು ಗಿರಾಕಿ ಕಿವಿಯವರೆಗೆ ಹೆಗಲೆತ್ತಿ ತೋರಿಸಿದ.

ಭೋಂರಾಯ ಕ್ಷಮೆ ಕೇಳಿ, ಸಂಜೆ ಟ್ಯೂನು ನುಡಿಸಬೇಕಾಗಿದೆ, ಕೊನೆ ಸಿಗುತ್ತಿಲ್ಲ ಎಂದು ನಿಜ ಹೇಳಿದ. ಹೇಳಬಾರದಿತ್ತು. ಬೈಯಲು ಬಂದವರೆಲ್ಲ ಒಳಗೆ ಬಂದು ಕೂತು ಸಲಹೆ ಕೊಡಲು ಶುರು ಮಾಡಿದರು.

"ಸುಲಭ," ಎಂದ ಟೈಲರ್. "ತುದಿ ಒಳಗೆ ಮಡಚಿ ಒಂದು ಹೊಲಿಗೆ ಹಾಕಿ. ಅಂಚು ಅಂದ್ರೆ ಅಷ್ಟೇ."

"ಹಾಗಲ್ಲ," ಎಂದರು ಮೇಡಂ. "ಮೂರು ಸಲ ಮೇಲೆ ಹೋಗಿದ್ರೆ ಮೂರು ಸಲ ಕೆಳಗೆ ಬರ್ಬೇಕು. ಎರಡೂ ಕಡೆ ಸಮ ಆದ್ರೆ ಮುಗೀತು. ಕಾಗದ ಕೊಡಿ, ಮಾಡಿ ತೋರಿಸ್ತೀನಿ."

"ನನ್ನನ್ನ ಕೇಳಿದ್ರೆ," ಎಂದ ಗಿರಾಕಿ, "ಶುರು ಮಾಡದೇ ಇರೋದು ಎಲ್ಲಕ್ಕಿಂತ ವಾಸಿ."

ಭೋಂರಾಯನ ಮುಖ ಕೆಂಪಾಯಿತು. ಜೀವಮಾನದಲ್ಲಿ ಯಾರಿಗೂ ಎದುರಾಡಿದವನಲ್ಲ. ಎದುರಾಡಿದರೂ ಎರಡು ಸ್ವರಕ್ಕಿಂತ ಹೆಚ್ಚು ಆಡಿದವನಲ್ಲ. "ನನ್ನ ಟ್ಯೂನಿಗೆ ಯಾರೂ ಅಳತೆ ತಗೋಬೇಡಿ," ಎಂದ. "ಕೊನೆ ನಾನೇ ಹುಡುಕ್ತೀನಿ. ಸಿಗದಿದ್ರೆ ಕೊನೆ ಇಲ್ದೇನೇ ನುಡಿಸ್ತೀನಿ." ಟ್ಯೂಬಾ ಹೆಗಲಿಗೇರಿಸಿ ಹೊರಟೇಬಿಟ್ಟ. ಊಟದ ಡಬ್ಬಿ ಹಿಡಿದು ಹೆಂಡತಿ ಬಸ್ ಸ್ಟಾಪಿನವರೆಗೆ ಓಡಬೇಕಾಯಿತು.

ಬಸ್ಸಿನಲ್ಲಿ ಸ್ಫೂರ್ತಿ ಸಿಗಬಹುದು ಎಂದುಕೊಂಡ. ಕಿಟಕಿಯ ಪಕ್ಕ ಕೂತು ಕಣ್ಣು ಮುಚ್ಚಿದ. ಪಕ್ಕದಲ್ಲಿದ್ದ ಅಜ್ಜಿ ಬಾಳೆಹಣ್ಣು ತಿಂದು, ಸಿಪ್ಪೆಯನ್ನು ಟ್ಯೂಬಾದ ಬಾಯಿಗೆ ಹಾಕಿ, "ಈಗೀಗ ಬಸ್ಸಲ್ಲಿ ಒಳ್ಳೆ ವ್ಯವಸ್ಥೆ ಮಾಡಿದ್ದಾರೆ," ಎಂದಳು. ಅವಳನ್ನು ನೋಡಿ ಹಿಂದಿನ ಸೀಟಿನವನು ಕಡಲೆಕಾಯಿ ಸಿಪ್ಪೆಯನ್ನೂ ಹಾಕಿದ.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದ ಮೇಲೆ ಭೋಂರಾಯ ಗೋಡೌನಿನ ಹಿಂಭಾಗಕ್ಕೆ ಬಂದ. ಅಲ್ಲಿ ಕಬ್ಬಿಣದ ಕಪಾಟುಗಳಲ್ಲಿ ಉದ್ದ ಕಾಲಿನ ತೆಳು ಗ್ಲಾಸುಗಳನ್ನು ಕಾಗದ ಸುತ್ತುವ ಮೊದಲು ಸಾಲಾಗಿ ನಿಲ್ಲಿಸಿರುತ್ತಾರೆ. ಖಾಲಿ ರಟ್ಟಿನ ಪೆಟ್ಟಿಗೆಯ ಮೇಲೆ ಕೂತು, ಸಿಪ್ಪೆಗಳನ್ನೆಲ್ಲ ತೆಗೆದು, ಮೆಲ್ಲಗೆ ಶುರು ಮಾಡಿದ. ಮೊದಲ ಭಾಗ ಆಯಿತು. ಕಣ್ಣು ಒದ್ದೆಯಾಗುವ ಇಳಿತ ಬಂತು. ಆಮೇಲೆ ದಾರಿ ತಪ್ಪುವ ಜಾಗ. ಅಲ್ಲಿ ಏನು ಮಾಡಬೇಕೆಂದು ತೋಚದೆ, ಸಿಟ್ಟಿನಿಂದ, ತನ್ನ ವಾದ್ಯದ ತಳದ ಸ್ವರವನ್ನು ಉಸಿರು ಮುಗಿಯುವವರೆಗೆ ಹಿಡಿದ.

ನಿಲ್ಲಿಸಿದ ಮೇಲೂ ಸ್ವರ ನಿಲ್ಲಲಿಲ್ಲ.

ಭೋಂರಾಯ ತಲೆ ಎತ್ತಿದ. ಕಪಾಟಿನ ತುಂಬ ಗ್ಲಾಸುಗಳು ಸಣ್ಣಗೆ ಗುಂಯ್‌ಗುಡುತ್ತಿದ್ದವು. ಇವನು ಕೆಳಗೆ ಹಿಡಿದದ್ದನ್ನು ಅವು ಎಲ್ಲೋ ಮೇಲೆ, ಕೂದಲೆಳೆಯಷ್ಟು ತೆಳ್ಳಗೆ ಹಿಡಿದುಕೊಂಡಿದ್ದವು. ಮತ್ತೊಮ್ಮೆ ಊದಿದ. ಮತ್ತೆ ಉತ್ತರ ಬಂತು. ಇಷ್ಟು ವರ್ಷ ಈ ಗ್ಲಾಸುಗಳನ್ನು ಎತ್ತಿ, ಒರೆಸಿ, ಸುತ್ತಿ, ಕಳಿಸಿದ್ದ. ಅವಕ್ಕೆ ಬಾಯಿದೆ ಎಂದು ಗೊತ್ತಿರಲಿಲ್ಲ. ಸ್ವರ ಹಿಡಿದು, ಬಿಟ್ಟು, ಸುಮ್ಮನಿರಬೇಕು. ಉಳಿದದ್ದನ್ನು ಗಾಜು ಹೇಳುತ್ತದೆ. ಅದೇ ಕೊನೆ.

ಸಂತೋಷಕ್ಕೆ ಮೂರನೇ ಸಲ ಜೋರಾಗಿ ಊದಿದ. ಅಷ್ಟರಲ್ಲಿ ಮೇಲಿನ ಸಾಲಿನ ಗ್ಲಾಸುಗಳು ನಡುಗುತ್ತ ನಡುಗುತ್ತ ಶಾಲೆ ಬಿಟ್ಟ ಮಕ್ಕಳಂತೆ ಅಂಚಿಗೆ ಬಂದಿದ್ದವು. ಎಲ್ಲಿಂದಲೋ ಓಡಿಬಂದ ಗೋಡೌನ್ ಸೂಪರ್‌ವೈಸರ್ ಎರಡೂ ಕೈ ಚಾಚಿ, ಕಪಾಟಿಗೆ ಹೊಟ್ಟೆ ಒತ್ತಿ ನಿಂತರು. ಅವರ ಹೊಟ್ಟೆ ಫ್ಯಾಕ್ಟರಿಗೆ ಉಪಯೋಗವಾದದ್ದು ಅದೇ ಮೊದಲು.

"ಕಪಾಟಿಗೆ ಏನು ಮಾಡ್ತಿದ್ದೀಯೋ?" ಎಂದರು, ಅಲುಗಾಡದೆ.

"ಸಂಜೆ ಒಬ್ಬನೇ ನುಡಿಸೋ ಟ್ಯೂನಿಗೆ ಕೊನೆ ಹುಡುಕ್ತಿದ್ದೆ ಸಾರ್. ಸಿಕ್ತು."

"ನಿನ್ನ ಕೆಲಸದ ಕೊನೆ ಇರ್ಬೇಕು ಅದು. ಮೊದಲು ಈ ಗ್ಲಾಸ್ ಇಳಿಸು."

ವಿಷಯ ಬ್ಯಾಂಡ್ ಮಾಸ್ಟರಿಗೆ ಮುಟ್ಟಲು ತಡವಾಗಲಿಲ್ಲ. ಸಭೆಗೆ ಸ್ವಲ್ಪ ಮೊದಲು ಅವರು ಭೋಂರಾಯನನ್ನು ಪಕ್ಕಕ್ಕೆ ಕರೆದರು. ಮಾಸ್ಟರ್ ಜೊತೆ ಅವರ ಬಾಮೈದನೂ ಇದ್ದ. ಟ್ರಂಪೆಟ್ ನುಡಿಸುವವನು ಅವನೇ. ತಲೆಗೂದಲಿಗೂ ಟ್ರಂಪೆಟ್ಟಿಗೂ ಒಂದೇ ಹೊಳಪು.

"ಏನೋ ಒಬ್ಬನೇ ನುಡಿಸ್ತೀನಿ ಅಂತ ಹಾರಾಡ್ತಿದ್ದೀಯಂತೆ," ಎಂದರು ಮಾಸ್ಟರ್. "ಇವತ್ತು ನೀನು ಒಂದೇ ಒಂದು ಸ್ವರ ಹೆಚ್ಚಿಗೆ ಊದಿದ್ರೂ ನಾಳೆಯಿಂದ ಬ್ಯಾಂಡಲ್ಲಿ ಇರಲ್ಲ. ಗೊತ್ತಾಯ್ತಾ?"

"ಗೊತ್ತಾಯ್ತು ಸಾರ್."

"ಹಾಗಾದ್ರೆ ಊದಲ್ಲ ತಾನೇ?"

"ಅದು ಬೇರೆ ಪ್ರಶ್ನೆ ಸಾರ್," ಎಂದ ಭೋಂರಾಯ. ಬ್ಯಾಂಡು ಬಿಟ್ಟರೆ ಅವನಿಗೆ ಉಳಿಯುವುದು ಕಾಗದ ಮತ್ತು ರಟ್ಟು ಮಾತ್ರ. ಅದು ಅವನಿಗೆ ಚೆನ್ನಾಗಿ ತಿಳಿದಿತ್ತು.

ಸಭೆ ತುಂಬಿತ್ತು. ವೇದಿಕೆಯ ಮುಂದಿನ ಉದ್ದ ಮೇಜಿನ ಮೇಲೆ, ದೊಡ್ಡವರ ಎದುರಿಗೆ, ಫ್ಯಾಕ್ಟರಿಯದೇ ತೆಳು ಗ್ಲಾಸುಗಳನ್ನು ಜೋಡಿಸಿದ್ದರು. ಬ್ಯಾಂಡು ಮೂರು ಹಾಡು ನುಡಿಸಿತು. ಬಾಮೈದ ಮೇಲೆ ಹಾರಿದ, ಭೋಂರಾಯ ಕೆಳಗೆ ಭೋಂ ಭೋಂ ಎಂದ. ಚಪ್ಪಾಳೆಯಾಯಿತು. ಮಾತಾಡಲು ಹಳೆಯ ಮ್ಯಾನೇಜರ್ ಎದ್ದರು. ಅವರು ಕನ್ನಡಕ ಹುಡುಕುತ್ತಿದ್ದ ಆ ಚೂರು ಮೌನದಲ್ಲಿ, ಹಿಂದಿನ ಸಾಲಿನಲ್ಲಿ ಟ್ಯೂಬಾ ಎದ್ದು ನಿಂತಿತು. ಅದರ ಜೊತೆ ಭೋಂರಾಯನೂ ನಿಂತ.

ಮಾಸ್ಟರ್ ಕೋಲು ಬೀಸಿದರು, ಕಣ್ಣು ಬಿಟ್ಟರು, ಕೊನೆಗೆ ಗಂಟಲು ಕೊಯ್ಯುವ ಸನ್ನೆಯನ್ನೂ ಮಾಡಿದರು. ಭೋಂರಾಯ ಕಣ್ಣು ಮುಚ್ಚಿಕೊಂಡಿದ್ದ. ಟ್ಯೂನು ಶುರುವಾಯಿತು. ಮೊದಲು ಯಾರೋ ನಕ್ಕರು. ಇಳಿತ ಬಂದಾಗ ನಗು ನಿಂತಿತು. ಇಷ್ಟು ದೊಡ್ಡ ದೇಹದಿಂದ ಇಷ್ಟು ಮೆತ್ತಗಿನ ದುಃಖ ಬರುತ್ತದೆಂದು ಅವರು ಎಣಿಸಿರಲಿಲ್ಲ. ಕಡೆಗೆ ಅವನು ತಳದ ಸ್ವರ ಹಿಡಿದ. ಉಸಿರು ಮುಗಿಯುವವರೆಗೆ ಹಿಡಿದು, ಬಿಟ್ಟ.

ಮೇಜಿನ ಮೇಲಿನ ಗ್ಲಾಸುಗಳು ಹಾಡಿದವು.

ಆ ಸಣ್ಣ ದನಿ ಗಾಳಿಯಲ್ಲಿ ಕರಗುವವರೆಗೆ ಹಳೆಯ ಮ್ಯಾನೇಜರ್ ಮೇಜನ್ನೇ ನೋಡುತ್ತಿದ್ದರು. ಅವರ ಕನ್ನಡಕ ಸಿಕ್ಕಿತ್ತು, ಈಗ ಅದನ್ನು ಒರೆಸಬೇಕಾಗಿತ್ತು.

"ಇಷ್ಟು ವರ್ಷ ಇಲ್ಲಿ ಗಾಜು ಒಡೆಯೋ ಸದ್ದು ಕೇಳಿ ರಾತ್ರಿ ನಿದ್ದೆ ಕೆಡಿಸ್ಕೊಂಡಿದ್ದೀನಿ," ಎಂದರು. "ಗಾಜು ಹಾಡೋದನ್ನ ಇವತ್ತೇ ಕೇಳಿದ್ದು. ಇನ್ನೊಂದು ಸಲ ಆಗ್ಲಪ್ಪ."

ಚಪ್ಪಾಳೆ ಚಾವಣಿಗೆ ಬಡಿಯಿತು. ಹೆಂಡತಿ ಹಿಂದಿನ ಬಾಗಿಲ ಹತ್ತಿರ ಕುರ್ಚಿ ಹತ್ತಿ ನಿಂತಿದ್ದಳು. ಭೋಂರಾಯನಿಗೆ ಟ್ಯೂಬಾ ಹೂವಿನಷ್ಟು ಹಗುರವೆನಿಸಿತು. ಮಾಸ್ಟರ್ ಬಂದು ಅವನ ಹೆಗಲ ಮೇಲೆ ಕೈ ಹಾಕಿ, ಮೈಕು ಹಿಡಿದು, "ಇನ್ನು ಮೇಲೆ ನಮ್ಮ ಬ್ಯಾಂಡಿನ ಪ್ರತಿ ಕಾರ್ಯಕ್ರಮವೂ ಈ ಟ್ಯೂನಿನಿಂದಲೇ ಶುರು," ಎಂದು ಘೋಷಿಸಿದರು. ಮತ್ತೆ ಚಪ್ಪಾಳೆ.

ಮೈಕು ಕೆಳಗಿಟ್ಟು ಮಾಸ್ಟರ್ ಅವನ ಕಿವಿಯ ಹತ್ತಿರ ಬಂದರು. "ಬಂಗಾರದಂಥ ಟ್ಯೂನು ಕಣಯ್ಯ. ಇಂಥದ್ದು ಹಿಂದಿನ ಸಾಲಲ್ಲಿ ಕೊಳೀಬಾರದು. ಮುಂದೆ ಬರ್ಬೇಕು."

"ಬರ್ತೀನಿ ಸಾರ್," ಎಂದು ಭೋಂರಾಯ ಟ್ಯೂಬಾ ಎತ್ತಿದ.

"ನೀನಲ್ಲ, ಟ್ಯೂನು. ನನ್ನ ಬಾಮೈದ ಕೇಳಿದ್ದನ್ನ ಹಾಗೇ ಹಿಡಿದಿದ್ದಾನೆ. ಟ್ರಂಪೆಟ್ಟಲ್ಲಿ ಬಂದ್ರೆ ಬೀದಿವರೆಗೂ ಕೇಳತ್ತೆ."

"ಮತ್ತೆ ನಾನು?"

"ನೀನಿಲ್ದೆ ಆಗತ್ತಾ? ಕೆಳಗೆ ಭೋಂ ಭೋಂ ಯಾರು ಹಿಡೀತಾರೆ? ಈ ಟ್ಯೂನು ನಿನ್ನಷ್ಟು ಚೆನ್ನಾಗಿ ಯಾರಿಗೆ ಗೊತ್ತು ಹೇಳು."

ಏನಾಗುತ್ತಿದೆ ಎಂದು ಅರ್ಥವಾಗುವಷ್ಟರಲ್ಲಿ ಕೋಲು ಮೇಲಕ್ಕೆ ಹೋಗಿತ್ತು. ಬಾಮೈದ ಮುಂದೆ ಬಂದು, ಕೂದಲು ಸವರಿ, ಟ್ರಂಪೆಟ್ ಎತ್ತಿದ. ಭೋಂರಾಯನ ಟ್ಯೂನು ಹಕ್ಕಿಯಂತೆ ಹಾರಿತು. ಭೋಂರಾಯ ಅದರ ಕೆಳಗೆ ಕೂತು ಎರಡು ಸ್ವರ ಊದಿದ. ಕೊನೆಯಲ್ಲಿ ಗ್ಲಾಸುಗಳು ಏನೂ ಹೇಳಲಿಲ್ಲ. ಅದನ್ನು ಗಮನಿಸುವಷ್ಟು ಹೊತ್ತು ಬಾಮೈದ ಸುಮ್ಮನಿರಲೂ ಇಲ್ಲ. ಉದ್ದನೆಯ ಒಂದು ಏರಿಕೆ ಸೇರಿಸಿ ಮುಗಿಸಿದ. ಈ ಸಲದ ಚಪ್ಪಾಳೆ ಮೊದಲಿನದಕ್ಕಿಂತ ಜೋರಾಗಿತ್ತು. ಹೂಗುಚ್ಛವೂ ಬಾಮೈದನ ಕೈಗೇ ಹೋಯಿತು.

ಸಭೆ ಮುಗಿದು ಕುರ್ಚಿ ಮಡಚುವಾಗ ಮಾಸ್ಟರ್ ಖುಷಿಯಿಂದ ಬಂದರು. "ಹೊಸ ಮ್ಯಾನೇಜರ್ ಬರೋ ದಿನಕ್ಕೆ ಇನ್ನೊಂದು ಟ್ಯೂನು ಮಾಡ್ತೀಯೇನಯ್ಯ?"

ಭೋಂರಾಯ ಅವರ ಕಣ್ಣಲ್ಲಿ ಕಣ್ಣಿಟ್ಟು ನೋಡಿದ. "ಆಗ್ಲೇ ಶುರು ಮಾಡಿದ್ದೀನಿ ಸಾರ್. ಆದ್ರೆ ಈ ಸಲ ಟ್ರಂಪೆಟ್ಟಿಗೆ ಉದ್ದಕ್ಕೂ ಎರಡೇ ಸ್ವರ."

ಅಷ್ಟು ಹೇಳಿ ಬೈಗುಳಕ್ಕೆ ಸಿದ್ಧನಾಗಿ ನಿಂತ.

ಮಾಸ್ಟರ್ ಅವನ ಬೆನ್ನು ತಟ್ಟಿದರು. "ಒಳ್ಳೇದೇ ಆಯ್ತು ಬಿಡು. ನನ್ನ ಬಾಮೈದನಿಗೂ ಸ್ವಲ್ಪ ರೆಸ್ಟ್ ಬೇಕು. ಮೇಲಿನದ್ದೆಲ್ಲ ಕ್ಲಾರಿನೆಟ್ಟಿಗೆ ಕೊಡೋಣ."