ಕಂಪ್ಯೂಟರು ಕೊಟ್ಟ ಕರುವಿನ ತಾರೀಕು

ತಾರೀಕಿಗೂ ನನಗೂ ಮೊದಲಿನಿಂದಲೂ ಆಗಿಬರುವುದಿಲ್ಲ. ನನ್ನ ಮದುವೆಯ ಲಗ್ನಪತ್ರಿಕೆಯಲ್ಲೇ ತಾರೀಕು ತಪ್ಪಾಗಿ ಅಚ್ಚಾಗಿ, ಬಂಗಾರಪೇಟೆಯ ಸೋದರಮಾವ ಮಾರನೆಯ ದಿನ ರೇಷ್ಮೆ ಪಂಚೆ ಉಟ್ಟು ಬಂದಿಳಿದಿದ್ದರು. ಕರಡು ತಿದ್ದಿದವನು ನಾನೇ. ಇಂಥವನ ಕೈಗೆ, ಕಾಮಸಮುದ್ರದ ಕಡೆಯ ನಮ್ಮ ಹಾಲಿನ ಸಂಘದವರು ತೊಂಬತ್ತೈದರಲ್ಲಿ ಒಂದು ಕಂಪ್ಯೂಟರು ಕೊಟ್ಟರು. ಹದಿನೈದು ವರ್ಷದಿಂದ ಅಲ್ಲಿ ಗುಮಾಸ್ತನಾಗಿದ್ದ ನಾನು ಅದಕ್ಕೆ ಕುಂಕುಮವಿಟ್ಟು ಕೈಮುಗಿದು ಕೂತೆ.

ಊರ ಹಸುಗಳಿಗೆ ಗಬ್ಬದ ಸೂಜಿ ಹಾಕಿಸಿದ ದಿನಗಳನ್ನೆಲ್ಲ ಅದರೊಳಗೆ ತುಂಬಿ, ಕರು ಹಾಕುವ ದಿನವನ್ನು ಚೀಟಿಯಲ್ಲಿ ಅಚ್ಚು ಹಾಕಿ ಹಂಚಬೇಕೆಂಬುದು ನನ್ನದೇ ಉಮೇದು. ಫೆಬ್ರವರಿ ನಾಲ್ಕನ್ನು 040295 ಎಂದು ಬರೀ ಅಂಕಿಯಾಗಿ ಹೊಡೆದೆ. ಯಂತ್ರ ಮುಂದಿನ ಸೊನ್ನೆಯನ್ನು ನುಂಗಿ ಹಾಕಿತು. ಬಿಡುತ್ತೇನೆಯೇ? ಸೊನ್ನೆಯನ್ನು ಮತ್ತೆ ಅಂಟಿಸಿ, ಅಂಕಿಯನ್ನು ಅಕ್ಷರವಾಗಿಸಿ, ನಡುನಡುವೆ ಗೀಟು ಎಳೆದು, ಇನ್ನು ಇದನ್ನು ತಾರೀಕು ಮಾಡಿ ಒಂಬತ್ತು ತಿಂಗಳು ಹತ್ತು ದಿನ ಕೂಡಿಸು ಎಂದು ಆಜ್ಞೆ ಬರೆದೆ. ಮಾಡಿತು. ಅರ್ಧ ಪಟ್ಟಿ ಖಾಲಿ ಬಂತು. ಆ ಹಸುಗಳು ಗಬ್ಬ ನಿಂತಿಲ್ಲವೆಂದು ನಾನೇ ತೀರ್ಮಾನಿಸಿಬಿಟ್ಟೆ!

ಒಂಟಿ ಹೆಂಗಸು ಮುನಿಯಮ್ಮಕ್ಕನ ಚೀಟಿಯಲ್ಲಿ ಸಂಕ್ರಾಂತಿ ಹೊತ್ತಿನ ತಾರೀಕಿತ್ತು. ದೀಪಾವಳಿ ಆದಮೇಲೆ ಬೇತಮಂಗಲದಲ್ಲಿ ಮಗಳ ಎರಡನೆಯ ಹೆರಿಗೆ. ಹಸುವೂ ಆಗಲೇ ಈಯುತ್ತದೆಂದು ಆಕೆಗೆ ಚಿಂತೆ ಹತ್ತಿತ್ತು. ಚೀಟಿ ನೋಡಿ ಮುಖ ಅರಳಿತು. "ನಾನೇ ಲೆಕ್ಕ ತಪ್ಪಿದ್ನೇನೋ. ಇನ್ನು ನೆಮ್ಮದಿಯಾಗಿ ಓಗ್ಬತ್ತೀನಿ ಕಣಪ್ಪಾ" ಅಂದಳು.

ದೀಪಾವಳಿ ಮುಗಿದು ಮೂರು ವಾರಕ್ಕೆ, ಬೆಳಿಗ್ಗೆ, ಆಕೆ ಆಫೀಸಿಗೇ ನುಗ್ಗಿದಳು. "ಬೇತಮಂಗಲದಿಂದ ಆಳು ಬಂದವ್ನೆ, ಮಗ್ಳಿಗೆ ನೋವು ಕಾಣಿಸ್ಕೊಂಡೈತೆ. ಇಲ್ಲಿ ನೋಡುದ್ರೆ ಅಸು ಕೆಚ್ಚಲು ಇಳಿಬಿಟ್ಟೈತೆ. ನಿನ್ ಕಾಗ್ದ ಸಂಕ್ರಾಂತಿ ಅಂತೈತೆ. ಸುಳ್ಳೇಳ್ತಿರೋದು ಅಸುವಾ, ನೀನಾ?"

ಆಕೆ ಹೋದ ಮೇಲೆ ಬೆವರು ಒರೆಸಿಕೊಂಡು ಯಂತ್ರದ ಪುಸ್ತಕ ತೆಗೆದೆ. ಅದಕ್ಕೆ ತಿಂಗಳು ಮೊದಲು, ದಿನ ಆಮೇಲೆ ಓದುವ ಚಾಳಿಯಂತೆ. ಮುನಿಯಮ್ಮಕ್ಕನ ಹಸುವಿನ ಫೆಬ್ರವರಿ ನಾಲ್ಕನ್ನು ಏಪ್ರಿಲ್ ಎರಡು ಮಾಡಿಕೊಂಡಿದೆ. ಹನ್ನೆರಡು ದಾಟಿದ ದಿನಗಳಿಗೆ ಅಷ್ಟನೇ ತಿಂಗಳೇ ಇಲ್ಲವೆಂದು ಖಾಲಿ ಬಿಟ್ಟಿದೆ. ಪಾಪದ ಹಸುಗಳ ಮೇಲೆ ನಾನು ಸುಮ್ಮನೆ ಅಪವಾದ ಹೊರಿಸಿದ್ದೆ. ದಿನವೇ ಮೊದಲು ಎಂದು ಒಂದು ಸಾಲು ಬರೆದೆ, ಅಷ್ಟೆ. ಹೊಸ ಚೀಟಿ ಬಂತು. ಅದರಲ್ಲಿ ಇವತ್ತಿನದೇ ತಾರೀಕು! ಕುಣಿಯುವಷ್ಟು ಖುಷಿಯಾಗಿ ಚೀಟಿ ಹಿಡಿದುಕೊಂಡು ಕೊಟ್ಟಿಗೆಗೆ ಓಡಿದೆ.

ಅಲ್ಲಿ ಹೆಣ್ಣುಗರು ಆಗಲೇ ನಡುಗುವ ಕಾಲಲ್ಲಿ ಎದ್ದು ನಿಂತಿತ್ತು. ಚೀಟಿ ಓದಿ ಹೇಳಿದೆ. ಮುನಿಯಮ್ಮಕ್ಕ ಬಿದ್ದು ಬಿದ್ದು ನಕ್ಕಳು. "ಉಟ್ಟಿರೋ ಕರಾನ ಉಟ್ತೈತೆ ಅಂತ ಯೇಳಾಕೆ ಇಷ್ಟೊಂದು ಕರೆಂಟಾ?"

ಆಮೇಲೆ ಸೀರೆ ಗಂಟು ಬಗಲಿಗೆ ಸಿಕ್ಕಿಸಿ, ತಂಬಿಗೆಯನ್ನು ನನ್ನ ಕೈಗೆ ಕೊಟ್ಟಳು. "ಮೊಮ್ಮಗೂನ ನೋಡ್ಕೊಂಡು ಅತ್ತು ದಿನಕ್ಕೆ ಬತ್ತೀನಿ. ಆಲಿನ ಸಂಘದೋನು ನೀನು, ನಿಂಗೇನ್ ಯೇಳ್ಕೊಡೋದು" ಎಂದು ಬಸ್ಸು ಹತ್ತಿಯೇ ಬಿಟ್ಟಳು.

ಹದಿನೈದು ವರ್ಷ ಹಾಲಿನ ಸಂಘದಲ್ಲಿದ್ದವನಿಗೆ ಹಾಲು ಕರೆಯಲು ಬರುವುದಿಲ್ಲ ಎಂಬ ಗುಟ್ಟನ್ನು ನಾನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಹಸು ಒಂದೇ ಒದೆತಕ್ಕೆ ಕಂಡುಹಿಡಿಯಿತು.